ತಳಿಯನ್ನು ಉಳಿಸುವುದೆಂದರೇನು?

ಪ್ರಯೋಗಶಾಲೆಯಲ್ಲಿ ಪಡೆದ ಗೋಭ್ರೂಣಗಳನ್ನು ಹೆಪ್ಪುಗಟ್ಟಿಸಿ ಇಟ್ಟುಕೊಂಡರೆ ನಾಡತಳಿಗಳು ಉಳಿದಂತೆಯೇ ಎಂಬ ಮಾತು ಈಚೆಗೆ ಕೇಳಿಬರುತ್ತಿದೆ. ಅದನ್ನು ನಾನು ಒಪ್ಪಲಾರೆ. ಹಾಗೆಂದು, ಇದೆಲ್ಲ ಪಾಪವೆನ್ನುವವರ ಪಂಕ್ತಿಯಲ್ಲಿಯೂ ನಾನು ಕೂಡುವವನಲ್ಲ. ಹೋರಿಯ ಬೀಜ ಒಡೆದು ನೊಗಕ್ಕೆ ಕಟ್ಟಿದ ನಾವು, ದಶಕಗಳಿಂದ ಕೃತಕ ಗರ್ಭಧಾರಣೆ ಮಾಡಿಸುತ್ತಿರುವ ನಾವು, ಈಗ ಮಾತ್ರ ನಿಸರ್ಗದ ಹೆಸರು ಹೇಳಿ ಮೂಗು ಮುರಿಯುವುದು ನ್ಯಾಯವಲ್ಲ.

ವಿದ್ಯೆಯೇನೋ ದೊಡ್ಡದೇ. ಹಸುವಿನ ಅಂಡಾಶಯದಿಂದ ಸೂಜಿಯಲ್ಲಿ ಅಂಡಗಳನ್ನು ಹೀರಿ, ಗಾಜಿನ ಬಟ್ಟಲಲ್ಲಿ ಫಲಗೊಳಿಸಿ, ಏಳು ದಿನ ಬೆಳೆಸುತ್ತಾರೆ. ಒಳಗಿನ ನೀರು ಹರಳುಗಟ್ಟಿ ಜೀವಕೋಶವನ್ನು ಸೀಳದಂತೆ ರಕ್ಷಕ ದ್ರಾವಣ ಸೇರಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಹೆಪ್ಪುಗಟ್ಟಿಸಿದ ಭ್ರೂಣದಿಂದ ಮೊದಲ ಕರು ಕೇಂಬ್ರಿಜ್‌ನಲ್ಲಿ ಹುಟ್ಟಿದ್ದು 1973ರಲ್ಲಿ. ಆ ಭ್ರೂಣ ಹಸುವಿನ ಗರ್ಭದಿಂದಲೇ ತೆಗೆದದ್ದು. ಪ್ರಯೋಗಶಾಲೆಯ ಭ್ರೂಣದಲ್ಲಿ ಕೊಬ್ಬು ಹೆಚ್ಚು, ಶೀತವನ್ನು ತಾಳುವ ಶಕ್ತಿ ಕಡಿಮೆ. ಆದರೂ ವೀರ್ಯದಲ್ಲಿರುವುದು ತಳಿಯ ಅರ್ಧ, ಭ್ರೂಣದಲ್ಲಿರುವುದು ಪೂರ್ಣ. 2022ರ ಚರ್ಮಗಂಟು ರೋಗದಂಥ ಮಾರಿ ಮತ್ತೆ ಬಂದರೆ ಈ ದಾಸ್ತಾನು ಆಪದ್ಧನವಾದೀತು. ಇಷ್ಟನ್ನೂ ಒಪ್ಪಿಯೇ ಕೇಳುತ್ತೇನೆ: ಆ ಭ್ರೂಣ ನಾಳೆ ಕರುವಾದರೆ ಎಲ್ಲಿ ಮೇಯಬೇಕು?

ಅಮೃತಮಹಲ್ ದನವನ್ನೇ ನೋಡಿ. ಮೈಸೂರು ಅರಸರ ಬೆಣ್ಣೆ ಚಾವಡಿಯಲ್ಲಿ ಬೆಳೆದು, ಟಿಪ್ಪುವಿನಿಂದ ಈ ಹೆಸರು ಪಡೆದು, ದಂಡಿನ ಸಾಮಾನು ಎಳೆದ ತಳಿ ಇದು. ಇದನ್ನು ರೂಪಿಸಿದ್ದು ಬಯಲುಸೀಮೆಯ ಕಾವಲುಗಳು. ಅಲ್ಲಿಯ ಬಿಸಿಲು, ಒಣಹುಲ್ಲು, ದೂರದ ನಡಿಗೆ. ಆ ಕಾವಲುಗಳ ಗತಿಯೇನಾಯಿತು? ಚಳ್ಳಕೆರೆಯ ಕಡೆ ಸಾವಿರಾರು ಎಕರೆ ಕಾವಲು ಸಂಶೋಧನಾ ಸಂಸ್ಥೆಗಳ ಪಾಲಾಯಿತು. 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ಕ್ಷೇತ್ರದ ಉದ್ಘಾಟನೆಯೂ ಆಯಿತು. ದೇಶಕ್ಕೆ ಇವೆಲ್ಲ ಬೇಡವೆನ್ನುವಷ್ಟು ಮೂಢ ನಾನಲ್ಲ. ಆದರೆ ಯಾವ ಅಗತ್ಯ ಬಂದರೂ ನಮ್ಮ ಕಣ್ಣು ದನ ಮೇಯುವ ನೆಲದ ಮೇಲೆಯೇ ಏಕೆ ಬೀಳಬೇಕು?

ಇನ್ನೊಂದು ಮಾತು. ಭ್ರೂಣ ತಯಾರಿಕೆ ಖರ್ಚಿನ ಕೆಲಸ. ಹಾಲಿನ ಲೆಕ್ಕ ಹಾಕಿದರೆ ಗಿರ್, ಸಾಹಿವಾಲ್ ಗೆಲ್ಲುತ್ತವೆ. ನೊಗದ ದನವಾದ ಅಮೃತಮಹಲ್, ಹಳ್ಳಿಕಾರ್‌ಗಳ ಕೆಲಸವನ್ನು ಟ್ರ್ಯಾಕ್ಟರು ಕಿತ್ತುಕೊಂಡಿದೆ. ಅಲ್ಲದೆ, ಆಯ್ದ ಕೆಲವೇ ಹಸುಗಳಿಂದ ಮತ್ತೆ ಮತ್ತೆ ಭ್ರೂಣ ಪಡೆದರೆ ತಳಿಯ ವೈವಿಧ್ಯವೇ ಕುಗ್ಗುತ್ತದೆ. ಇದು ಹಾಲು ಹೆಚ್ಚಿಸುವ ಉಪಾಯವಾದೀತು. ಇದಕ್ಕೆ ಸಂರಕ್ಷಣೆಯೆಂಬ ಹೆಸರು ಸಲ್ಲದು.

ನಾನು ಕನ್ನಡ ಕಲಿಸುವವನು. ಆಡುವವರಿಲ್ಲದ ನುಡಿಯ ಪದಗಳೆಲ್ಲ ನಿಘಂಟಿನಲ್ಲಿ ಭದ್ರವಾಗಿದ್ದರೂ ಆ ನುಡಿ ಬದುಕಿದೆಯೆಂದು ನಾವು ಹೇಳುವುದಿಲ್ಲ. ನಿಘಂಟು ಬೇಕು, ಆಡುವ ನಾಲಗೆಯೂ ಬೇಕು. ತಳಿಗೂ ಹಾಗೆಯೇ ಹುಲ್ಲುಗಾವಲು ಬೇಕು, ದನಗಾಹಿ ಬೇಕು, ಸಾಕಿದವನಿಗೆ ನಾಲ್ಕು ಕಾಸು ಗಿಟ್ಟಬೇಕು.

ಆದ್ದರಿಂದ ಸರ್ಕಾರ ಭ್ರೂಣದ ಭಂಡಾರ ಕಟ್ಟಲಿ, ಬೇಡವೆನ್ನುವುದಿಲ್ಲ. ಅದರೊಡನೆ ಉಳಿದಿರುವ ಕಾವಲುಗಳ ಎಲ್ಲೆಯನ್ನು ಅಳೆದು, ಕಲ್ಲು ನೆಟ್ಟು, ಇನ್ನು ಒಂದು ಎಕರೆಯೂ ಪರಭಾರೆಯಾಗದೆಂದು ಮಾತು ಕೊಡಲಿ. ಅಲ್ಲಿಯವರೆಗೆ ತಳಿ ಉಳಿಯಿತೆಂದು ಯಾರೂ ಸಾರದಿರಲಿ.