ದೂರದರ್ಶನದಲ್ಲಿ ಪ್ರಕಾರಸಂಕರ

ಭರತಮುನಿಯು ರೂಪಕಗಳನ್ನು ಹತ್ತು ಬಗೆಯಾಗಿ ವಿಂಗಡಿಸಿದನು. ಹತ್ತನೆಯ ಶತಮಾನದ ಧನಂಜಯನು ಅದನ್ನೇ ಅನುಸರಿಸಿ ‘ದಶರೂಪಕ’ವನ್ನು ರಚಿಸಿದನು. ನಾಟಕಕ್ಕೂ ಪ್ರಕರಣಕ್ಕೂ, ಭಾಣಕ್ಕೂ ಪ್ರಹಸನಕ್ಕೂ ಲಕ್ಷಣಗಳು ಬೇರೆ ಬೇರೆ. ಇದೆಲ್ಲ ಪಂಡಿತರ ಕಾಲಕ್ಷೇಪವೆಂದು ನಗತಕ್ಕವರುಂಟು. ಆದರೆ ಪ್ರಕಾರವೆಂಬುದು ತೋರಿಸುವವನಿಗೂ ನೋಡುವವನಿಗೂ ನಡುವೆ ಆದ ಒಡಂಬಡಿಕೆ. ಪ್ರಹಸನವೆಂದು ತಿಳಿದು ಬಂದವನು ನಗಲು ಸಿದ್ಧನಾಗಿರುತ್ತಾನೆ. ವಾರ್ತೆಯೆಂದು ತಿಳಿದು ಕುಳಿತವನು ನಂಬಲು ಸಿದ್ಧನಾಗಿರುತ್ತಾನೆ. ನಂಬಲು ಕುಳಿತವನಿಗೆ ಪ್ರಹಸನವನ್ನು ಉಣಬಡಿಸಿದರೆ ಅದು ಕಲೆಯಲ್ಲ, ವಂಚನೆ. ಇಂದಿನ ದೂರದರ್ಶನದ ಮೇಲೆ ಹೊರಿಸಬೇಕಾದ ಮುಖ್ಯ ದೋಷವು ಇದೇ. ಅಶ್ಲೀಲತೆ, ಗದ್ದಲ, ಕಾಲಹರಣ ಇವುಗಳ ವಿಷಯವಾಗಿ ಎಲ್ಲರೂ ಆಡುತ್ತಾರೆ. ಪ್ರಕಾರಸಂಕರದ ವಿಷಯವಾಗಿ ಆಡುವವರು ವಿರಳ.

ಮೊದಲು ಈ ಮಾಧ್ಯಮದಲ್ಲಿ ಎಲ್ಲೆಗಳು ಸ್ಪಷ್ಟವಾಗಿದ್ದುವು. 1975-76ರಲ್ಲಿ ಉಪಗ್ರಹದ ಮೂಲಕ ಶಿಕ್ಷಣವೀಯುವ ಪ್ರಯೋಗವು ನಡೆದು, ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಚಿತ್ರಗಳು ಬಂದಾಗ, ಬೇಸಾಯದ ಪಾಠವು ಬೇಸಾಯದ ಪಾಠವಾಗಿಯೇ ಬಂದಿತು. 1984ರಲ್ಲಿ ಮೊದಲಾದ ‘ಹಮ್ ಲೋಗ್’ ಧಾರಾವಾಹಿಯು ಕಥೆಯ ಒಡಲಲ್ಲಿ ಉಪದೇಶವನ್ನಿಟ್ಟುಕೊಂಡಿತ್ತು, ನಿಜ. ಆದರೆ ಪ್ರತಿ ಕಂತಿನ ಕೊನೆಯಲ್ಲಿ ನಟ ಅಶೋಕ್ ಕುಮಾರರು ಸೂತ್ರಧಾರನಂತೆ ಬಂದು ಪ್ರೇಕ್ಷಕರೊಡನೆ ನೇರವಾಗಿ ಮಾತನಾಡುತ್ತಿದ್ದರು. ಕಥೆ ಇಲ್ಲಿಗೆ ಮುಗಿಯಿತು, ಹಿತವಚನ ಇಲ್ಲಿಂದ ಮೊದಲಾಯಿತು ಎಂಬುದು ಮಗುವಿಗೂ ತಿಳಿಯುತ್ತಿತ್ತು.

ಇಂದಿನ ಸ್ಥಿತಿಯೇನು? 1999ರಲ್ಲಿ ನೆದರ್ಲೆಂಡ್ಸಿನಲ್ಲಿ ‘ಬಿಗ್ ಬ್ರದರ್’ ಎಂದು ಹುಟ್ಟಿ, 2013ರಲ್ಲಿ ‘ಬಿಗ್ ಬಾಸ್’ ಎಂದು ಕನ್ನಡಕ್ಕೆ ಬಂದ ಬಗೆಯನ್ನು ನೋಡಿರಿ. ಹಗಲಿರುಳಿನ ಬಾಳನ್ನು ಕತ್ತರಿಸಿ, ಬೇಕಾದುದನ್ನು ಜೋಡಿಸಿ, ಹಿನ್ನೆಲೆಯ ಸಂಗೀತವನ್ನು ಕೂಡಿಸಿದ ಮೇಲೆ ಅದು ಕೃತಿಯೇ ಹೊರತು ಬಾಳಲ್ಲ. ಆದರೂ ಆ ಬಗೆಗೆ ಇಟ್ಟ ಹೆಸರು ‘ರಿಯಾಲಿಟಿ ಷೋ’! ಬೆಳಗಿನ ಹೊತ್ತು ಜ್ಯೋತಿಷಿಯೊಬ್ಬನು ಹಿತೈಷಿಯ ವೇಷದಲ್ಲಿ ಬಂದು ಫೋನ್ ನಂಬರನ್ನು ತೋರಿಸುತ್ತಾನೆ; ಅದು ಉಪದೇಶವೋ ಜಾಹೀರಾತೋ ಹೇಳಬಲ್ಲವರಾರು? ಜಾಹೀರಾತು ಕಾರ್ಯಕ್ರಮದಿಂದ ಬೇರೆಯೆಂದು ಸ್ಪಷ್ಟವಾಗಿ ಕಾಣಬೇಕೆಂದು ಕೇಬಲ್ ಟೆಲಿವಿಷನ್ ಜಾಲಗಳ 1994ರ ನಿಯಮಾವಳಿಯ 7ನೆಯ ನಿಯಮವೂ, ಮೂಢನಂಬಿಕೆಗೆ ಪ್ರೋತ್ಸಾಹ ಕೂಡದೆಂದು 6ನೆಯ ನಿಯಮವೂ ವಿಧಿಸಿವೆ. ವಿಧಿಯುಂಟು, ವಿಧೇಯತೆಯಿಲ್ಲ.

ಎಲ್ಲಕ್ಕಿಂತ ಘೋರವಾದುದು ವಾರ್ತೆಯ ಗತಿ. 2025ರ ಮೇ ತಿಂಗಳಿನಲ್ಲಿ ಭಾರತ ಪಾಕಿಸ್ತಾನಗಳ ನಡುವೆ ಘರ್ಷಣೆ ನಡೆಯುತ್ತಿದ್ದಾಗ, ವಾಯುದಾಳಿಯ ಎಚ್ಚರಿಕೆಯ ಸೈರನ್ ಸದ್ದನ್ನು ಕಾರ್ಯಕ್ರಮಗಳಲ್ಲಿ ಬಳಸಕೂಡದೆಂದು ಕೇಂದ್ರ ಗೃಹ ಸಚಿವಾಲಯದ ನಾಗರಿಕ ರಕ್ಷಣಾ ವಿಭಾಗವು ವಾಹಿನಿಗಳಿಗೆ ಸೂಚಿಸಬೇಕಾಯಿತು. ಪ್ರಾಣರಕ್ಷಣೆಯ ಸಂಕೇತವೇ ರಂಗವಾದ್ಯವಾಗಿ ಹೋಗಿತ್ತು! ದಿನವೂ ಆ ಸದ್ದಿಗೆ ಕಿವಿ ಒಗ್ಗಿದವನು ನಿಜವಾದ ದಾಳಿಯ ದಿನ ಎದ್ದು ಓಡುವನೇ? ಪ್ರಕಾರಸಂಕರದ ಫಲವನ್ನು ತಿಳಿಯಲು ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆಲಂಕಾರಿಕರು ಲೌಕಿಕಶೋಕಕ್ಕೂ ಕರುಣರಸಕ್ಕೂ ಭೇದವನ್ನು ಹೇಳಿದ್ದಾರೆ. ರಂಗದ ಮೇಲಿನ ಸೀತೆಯ ದುಃಖವು ಆಸ್ವಾದಕ್ಕೆ ವಿಷಯ. ನೆರೆಮನೆಯ ತಾಯಿಯ ದುಃಖವು ಸಹಾಯಕ್ಕೆ ವಿಷಯ. ಮೊದಲನೆಯದರ ಮುಂದೆ ಕುಳಿತು ಕಣ್ಣೀರಿಡುವುದು ಸಹೃದಯತೆ. ಎರಡನೆಯದರ ಮುಂದೆ ಸುಮ್ಮನೆ ಕುಳಿತಿರುವುದು ನಿರ್ದಯತೆ. ಮಗನನ್ನು ಕಳೆದುಕೊಂಡ ತಾಯಿಯ ಬಾಯಿಗೆ ಮೈಕನ್ನು ಹಿಡಿದು, ಅವಳ ಅಳುವಿನ ಹಿಂದೆ ಪಿಟೀಲಿನ ನಾದವನ್ನು ಹರಿಸಿದಾಗ ಆಗುವುದೇನು? ನಿಜವಾದ ಶೋಕವು ರಸದ ಸಾಮಗ್ರಿಯಾಗುತ್ತದೆ. ಅದನ್ನು ದಿನವೂ ನೋಡುವ ಮಗುವು ಪರರ ಸಂಕಟವನ್ನು ಸವಿಯುವುದನ್ನು ಕಲಿಯುತ್ತದೆ, ಕೈನೀಡುವುದನ್ನು ಮರೆಯುತ್ತದೆ. ಹಾಳಾಗುವುದು ಕೇವಲ ಅಭಿರುಚಿಯಲ್ಲ, ಅಂತಃಕರಣ.

ಬೆರಕೆ ಎಂದಿಗೂ ಇತ್ತಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಪಂಪನು ಗದ್ಯಪದ್ಯಗಳನ್ನು ಬೆರೆಸಿ ಚಂಪುವನ್ನು ಬರೆಯಲಿಲ್ಲವೇ? ಯಕ್ಷಗಾನದಲ್ಲಿ ಹಾಡು, ಕುಣಿತ, ಮಾತು, ಹಾಸ್ಯ ಎಲ್ಲವೂ ಕೂಡಿಲ್ಲವೇ? ಕೂಡಿವೆ. ಆದರೆ ಅಲ್ಲಿ ಯಾರಿಗೂ ಮೋಸವಿಲ್ಲ. ಭಾಗವತನು ಜಾಗಟೆಯನ್ನು ಹಿಡಿದು ನಿಂತೊಡನೆ ಇದು ಆಟವೆಂದು ಊರಿಗೆಲ್ಲ ಗೊತ್ತು. ಸಂಸ್ಕೃತನಾಟಕದ ಪ್ರಸ್ತಾವನೆಯಲ್ಲಿ ಸೂತ್ರಧಾರನು ಕೃತಿಯ ಹೆಸರನ್ನೂ ಕವಿಯ ಹೆಸರನ್ನೂ ಹೇಳಿಯೇ ಮುಂದುವರಿಯುತ್ತಾನೆ. ಬೆರೆಸುವುದು ತಪ್ಪಲ್ಲ, ಬೆರೆಸಿದುದನ್ನು ಮರೆಮಾಚುವುದು ತಪ್ಪು. ಹಾಲಿಗೆ ನೀರು ಬೆರೆಸಿ ಮಜ್ಜಿಗೆಯೆಂದರೆ ಯಾರೂ ನಂಬರು. ಹಾಲೆಂದೇ ಮಾರಿದರೆ ಅದು ಅಪರಾಧ.

ಜನ ಕೇಳುವುದನ್ನೇ ಕೊಡುತ್ತೇವೆಂಬುದು ವ್ಯಾಪಾರಿಗಳ ಎರಡನೆಯ ವಾದ. ಜನರ ಇಚ್ಛೆಯನ್ನು ಅಳೆಯುವ ಕೋಲೇ ಸಂಶಯಕ್ಕೆ ಈಡಾಗಿ, ಸುದ್ದಿವಾಹಿನಿಗಳ ವಾರದ ಅಂಕಗಳನ್ನು ಬಾರ್ಕ್ ಸಂಸ್ಥೆಯು 2020ರ ಅಕ್ಟೋಬರಿನಿಂದ 2022ರ ಮಾರ್ಚಿಯವರೆಗೆ ನಿಲ್ಲಿಸಬೇಕಾಯಿತೆಂಬುದನ್ನು ಅವರು ಮರೆಯುತ್ತಾರೆ. ಚಂದನ ವಾಹಿನಿಯಲ್ಲಿ ಡಾಕ್ಟರ್ ನಾ. ಸೋಮೇಶ್ವರರು 2002ರಲ್ಲಿ ಮೊದಲುಮಾಡಿದ ‘ಥಟ್ ಅಂತ ಹೇಳಿ’ ಕೇವಲ ಪ್ರಶ್ನೋತ್ತರ, ಬಹುಮಾನ ಪುಸ್ತಕ. ಅಳುವಿಲ್ಲ, ಜಗಳವಿಲ್ಲ. ಟಿ. ಎನ್. ಸೀತಾರಾಮರ ‘ಮಾಯಾಮೃಗ’ವು ಕಥೆಯೆಂದೇ ಬಂದ ಕಥೆ. ಎರಡನ್ನೂ ಕನ್ನಡದ ಮನೆಗಳು ಆದರದಿಂದ ಬರಮಾಡಿಕೊಂಡುವು. ಶುದ್ಧಪ್ರಕಾರಕ್ಕೆ ಪ್ರೇಕ್ಷಕರಿಲ್ಲವೆಂಬ ಮಾತು ಸುಳ್ಳು.

ಪರಿಹಾರವು ದುಸ್ಸಾಧ್ಯವಲ್ಲ. ವಾರ್ತೆಯಲ್ಲಿ ಹಿನ್ನೆಲೆಯ ಸಂಗೀತವು ಇರಕೂಡದು. ಹಣ ಪಡೆದು ತೋರಿಸುವುದನ್ನು ಜಾಹೀರಾತೆಂದೇ ತೆರೆಯ ಮೇಲೆ ಕನ್ನಡದಲ್ಲಿ ಬರೆಯತಕ್ಕದ್ದು. ಕತ್ತರಿಸಿ ಕಟ್ಟಿದ ಬಾಳಿಗೆ ನಿಜವೆಂಬ ಹೆಸರು ಸಲ್ಲದು. ಇವು ಆಗುವವರೆಗೆ ವಿದ್ಯಾವಂತರ ಮನೆಗಳಲ್ಲಿ ಹಿರಿಯರು ಮಾಡಬಹುದಾದ ಕೆಲಸವೊಂದುಂಟು: ಪೆಟ್ಟಿಗೆಯ ಮುಂದೆ ಕುಳಿತ ಮಕ್ಕಳನ್ನು, “ಇದು ವಾರ್ತೆಯೋ, ಕಥೆಯೋ, ವ್ಯಾಪಾರವೋ?” ಎಂದು ದಿನವೂ ಕೇಳುವುದು. ಉತ್ತರ ಹೇಳಲಾರದ ಕಾರ್ಯಕ್ರಮವನ್ನು ಆರಿಸುವ ಗುಂಡಿಯು ಪ್ರತಿಯೊಬ್ಬರ ಕೈಯಲ್ಲಿಯೇ ಇದೆ.