ಪಾಳಿಯಲ್ಲಿ ನಿಂತವನ ತಪ್ಪೇನು?

ಮೊನ್ನೆ ನಡುರಾತ್ರಿ, ಹಿರೇಕೆರೂರಿನ ನನ್ನ ಮನೆಯಲ್ಲಿ ಕೂತು, ಮೊಬೈಲ್ ಪರದೆಯ ಮೇಲೆ ಒಬ್ಬ ಮುದುಕ–ಮುದುಕಿಯ ಮನೆಗೆ ಕನ್ನ ಹಾಕಿದೆ. ಮುದುಕ ಅಂಗಲಾಚಿದ, ತಡೆಯುವ ತ್ರಾಣ ಅವನಿಗಿರಲಿಲ್ಲ. ನನ್ನ ಕಡೆಯವನೊಬ್ಬನಿಗೆ ಕಾಯಿಲೆ, ಔಷಧಿ ಬೇಕೇ ಬೇಕಿತ್ತು. ಬೆಳಗಾದಾಗ ಕಾಯಿಲೆಯವನಿಗೆ ಔಷಧಿ ಸಿಕ್ಕಿತು, ಆದರೆ ಕದ್ದು ತಂದವನು ಮಂಕಾಗಿ ಕೂತ.

ಆಟದ ಹೆಸರು ‘ದಿಸ್ ವಾರ್ ಆಫ್ ಮೈನ್’. ಪೋಲೆಂಡಿನ ‘11 ಬಿಟ್ ಸ್ಟುಡಿಯೋಸ್’ 2014ರಲ್ಲಿ ಹೊರತಂದದ್ದು. ಬಾಸ್ನಿಯಾದ ಸರಾಯೆವೊ ನಗರವನ್ನು 1992ರಿಂದ 1996ರವರೆಗೆ, 1,425 ದಿನ ಸುತ್ತುಗಟ್ಟಿದ್ದ ಮುತ್ತಿಗೆಯೇ ಇದಕ್ಕೆ ಮೂಲ. ಇಲ್ಲಿ ಆಟಗಾರ ಸೈನಿಕನಲ್ಲ. ಒಡೆದ ಮನೆಯೊಂದರಲ್ಲಿ ಸಿಕ್ಕಿಕೊಂಡ ಸಾಮಾನ್ಯ ಜನರ ಹೊಟ್ಟೆ–ಬಟ್ಟೆ ನೋಡಿಕೊಳ್ಳುವವನು. ಹಗಲು ಹೊರಗೆ ಗುರಿಕಾರರ ಬಂದೂಕು. ಒಳಗೇ ಒಲೆ ಕಟ್ಟಬೇಕು, ಮಳೆನೀರು ಹಿಡಿಯಬೇಕು. ರಾತ್ರಿ ಒಬ್ಬ ಮಾತ್ರ ಹೊರಬಿದ್ದು ಕಾಳುಕಡಿ ಹುಡುಕಿ ತರಬೇಕು.

ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಗುಂಪು ಕೂಡಿ ಗುಂಡು ಹಾರಿಸುವ ಆಟಗಳ ಎದುರು ಇದು ದೊಡ್ಡ ಮಾತೇ. ನಮ್ಮ ಯುದ್ಧದ ನೆನಪೂ ಮೊದಲಿಂದ ವೀರನ ಕಡೆಗೇ ವಾಲಿದೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಬಳಿಯ ವೀರಗಲ್ಲುಗಳನ್ನು ನೋಡಿ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಒಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಸಾನ್ನಿಧ್ಯ. ಆ ಕಾಳಗದ ದಿನಗಳಲ್ಲಿ ಊರಿನ ಹಗೇವಿನ ಜೋಳ ಎಷ್ಟು ಉಳಿದಿತ್ತು, ಯಾರು ಉಪವಾಸ ಮಲಗಿದರು ಎಂಬುದಕ್ಕೆ ಕಲ್ಲಿನಲ್ಲಿ ಜಾಗವಿಲ್ಲ. ಆ ಖಾಲಿ ಜಾಗದಲ್ಲೇ ಈ ಆಟ ನಿಂತಿದೆ. ಅದಕ್ಕೇ ನನಗದು ಹಿಡಿಸಿತು.

ಹಾಗಿದ್ದೂ ಮನಸ್ಸು ಒಪ್ಪದಿರುವುದಕ್ಕೆ ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ, ಒಂದು ವಾರ ಈ ಆಟದಿಂದ ಬರುವ ಲಾಭವನ್ನೆಲ್ಲ ಉಕ್ರೇನಿನ ರೆಡ್ ಕ್ರಾಸ್‌ಗೆ ಕೊಡುವುದಾಗಿ ಕಂಪನಿ ಸಾರಿತು. ಅದೇ ವಾರ, ಮಾರ್ಚ್ 1ರಂದು, ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಬಂಕರ್‌ನಿಂದ ಹೊರಬಂದು, ತಿನ್ನಲು ಏನಾದರೂ ತರೋಣವೆಂದು ಅಂಗಡಿ ಮುಂದೆ ಪಾಳಿ ಹಚ್ಚಿದ್ದ. ಮೃತದೇಹ ಊರಿಗೆ ಬಂದದ್ದು ಮಾರ್ಚ್ 21ಕ್ಕೆ. ಮನೆಯವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು.

ಸುದ್ದಿ ಬಂದ ಸಂಜೆ ಚಹಾದಂಗಡಿಯಲ್ಲಿ ಒಬ್ಬರೆಂದರು: ‘ಪಾಪ, ಅಂಥಾದ್ರಾಗ ಹೊರಗ ಯಾಕ ಹೋಗಬೇಕಿತ್ತು?’ ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು. ಹಗಲು ಹೊರಗೆ ಹೋಗಬಾರದು ಎಂಬುದು ಆಟದ ಮೊದಲ ನಿಯಮವಲ್ಲವೇ? ಆದರೆ ಹಾರ್ಕಿವ್‌ನಲ್ಲಿ ರಾತ್ರಿ ಕರ್ಫ್ಯೂ ಇತ್ತು. ಅಂಗಡಿ ತೆರೆಯುತ್ತಿದ್ದುದೇ ಹಗಲು. ನಾನು ಕಲಿತ ನಿಯಮ ಅಲ್ಲಿ ತಲೆಕೆಳಗಾಗಿತ್ತು.

ಆಟದ ದೋಷ ಕಂಡದ್ದು ಆಗಲೇ. ಅಲ್ಲಿ ಅದೃಷ್ಟವೂ ಉಂಟು, ನಿಜ. ಆದರೂ ಒಬ್ಬ ಸತ್ತರೆ ಆಟಗಾರ ಹುಡುಕುವುದು ತನ್ನ ತಪ್ಪನ್ನು: ಬಾಗಿಲು ಭದ್ರ ಮಾಡಬೇಕಿತ್ತು, ಔಷಧಿ ಮೊದಲೇ ತರಬೇಕಿತ್ತು. ಮುಂದಿನ ಸಲ ತಿದ್ದಿಕೊಂಡು ಗೆಲ್ಲುತ್ತಾನೆ. ಹೀಗೆ ಬದುಕುಳಿಯುವುದು ಜಾಣತನದ ಫಲವಾಗುತ್ತದೆ, ಸಾವು ದಡ್ಡತನದ ದಂಡವಾಗುತ್ತದೆ. ಆಟಕ್ಕೆ ಮೂಲವಾದ ಸರಾಯೆವೊದಲ್ಲೇ 1992ರ ಮೇ 27ರಂದು ಬ್ರೆಡ್ಡಿಗಾಗಿ ಪಾಳಿ ನಿಂತವರ ಮೇಲೆ ಶೆಲ್ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಯಾರ ಲೆಕ್ಕವೂ ತಪ್ಪಿರಲಿಲ್ಲ. ಆಟದ ಹಗಲಿನಲ್ಲಿ ಹೊರಗೆ ಕಾಲಿಡುವ ಅವಕಾಶವೇ ಇಲ್ಲ. ಹಾಗಾಗಿ ಅಂಥ ಪಾಳಿಯಲ್ಲಿ ನಾನು ಎಂದೂ ನಿಲ್ಲಬೇಕಾಗಿ ಬರಲಿಲ್ಲ.

ಇಷ್ಟಾದರೂ ಆಟವನ್ನು ದೂರ ತಳ್ಳಬೇಕೆಂದು ನಾನು ಹೇಳಲಾರೆ. ಪೋಲೆಂಡ್ ಸರ್ಕಾರ ಇದನ್ನು ಶಾಲೆಗಳ ಐಚ್ಛಿಕ ಓದಿನ ಪಟ್ಟಿಗೆ ಸೇರಿಸುವುದಾಗಿ 2020ರಲ್ಲೇ ಪ್ರಕಟಿಸಿತು. ನಮ್ಮ ಕಾಲೇಜು ಹುಡುಗರೂ ಆಡಲಿ. ಕದ್ದು ತಂದವನು ಮಂಕಾಗಿ ಕೂರುವುದನ್ನು ಗುಂಡಿನ ಆಟಗಳು ತೋರಿಸುವುದಿಲ್ಲ. ಆದರೆ ಆಟ ಮುಗಿದ ಮೇಲೆ, ಇಲ್ಲಿ ಇಲ್ಲದಿರುವುದು ಏನು ಎಂದು ಕೇಳುವ ಮೇಷ್ಟ್ರೊಬ್ಬರು ಎದುರಿಗಿರಲಿ. ಸಂತ್ರಸ್ತನ ತಪ್ಪು ಹುಡುಕಿದಷ್ಟೂ ಶೆಲ್ ಹಾರಿಸಿದವನ ಹೆಸರು ಮರೆಗೆ ಸರಿಯುತ್ತದೆ. ಆಟದಲ್ಲಂತೂ ಅವನು ಯಾರೆಂದು ಯಾರೂ ಕೇಳುವುದಿಲ್ಲ.

ಆಟ ನನ್ನ ಮೊಬೈಲ್‌ನಲ್ಲಿ ಇನ್ನೂ ಇದೆ. ಚಹಾದಂಗಡಿಯ ಆ ಪ್ರಶ್ನೆಗೆ ಅಂದು ನಾನು ಉತ್ತರಿಸಲಿಲ್ಲ. ಈಗ ಯಾರಾದರೂ ಕೇಳಿದರೆ ಇಷ್ಟೇ ಹೇಳುತ್ತೇನೆ: ಹೊಟ್ಟೆ ಹಸಿದಿತ್ತು, ಅಂಗಡಿ ತೆರೆದಿತ್ತು.