ಅಂಗಿ ಬದಲಾತು, ಆಟ ಬದಲಾಗಲಿಲ್ಲ

ಅಕ್ಕಾರ, ತಂಗೇರ, ಇವತ್ತ ಅಡಗಿ ಮಾತು ಬ್ಯಾಡ. ಮೊಬೈಲಿನ್ಯಾಗ ಗರಗರ ತಿರುಗೂ ಸ್ಲಾಟ್ ಆಟದ ಮಾತು ಆಡೂಣು. "ಹಳೇ ಆಟದಾಗ ರೊಕ್ಕ ಹೋತು, ಖರೆ. ಈಗ ಬಂದದ್ದು ಬ್ಯಾರೆ, ಇದು ಕೊಡತೈತಿ" ಅಂತ ಮನಿಯಾಗ ಯಾರರ ಹೇಳಿದ್ರ ನಂಬಬ್ಯಾಡ್ರಿ. ಬ್ಯಾರೆ ಅನ್ನೂ ಮಾತ ಸುಳ್ಳು.

ಹೆಂಗಂತೀರಿ? 2005ರಾಗ ಆಸ್ಟ್ರಿಯಾದ ನೋವೊಮ್ಯಾಟಿಕ್ ಕಂಪನಿ 'ಬುಕ್ ಆಫ್ ರಾ' ಅನ್ನೂ ಆಟ ತಂತು. ಪುಸ್ತಕದ ಚಿತ್ರ ಮೂರು ಬಿದ್ರ ಹತ್ತು ಸುತ್ತು ಪುಕ್ಕಟೆ. ಆ ಸುತ್ತಿನ್ಯಾಗ ಒಂದು ಚಿತ್ರ ಉಬ್ಬಿ ಇಡೀ ಗಾಲಿ ತುಂಬತೈತಿ. ಅದು ಭಾಳ ಓಡಿತು. 2016ರಾಗ ಸ್ವೀಡನ್ನಿನ ಪ್ಲೇ ಎನ್ ಗೋ ಕಂಪನಿ 'ಬುಕ್ ಆಫ್ ಡೆಡ್' ತಂತು. ಅದ ಈಜಿಪ್ಟು, ಅದ ಪುಸ್ತಕ, ಅದ ಹತ್ತು ಸುತ್ತು. ಆಮ್ಯಾಲೆ ಅದ ನಮೂನಿಯಾಗ 'ಬುಕ್ ಆಫ್' ಅಂತ ಹೆಸರಿಟಗೊಂಡು ಮತ್ತೆಷ್ಟೋ ಬಂದ್ವು.

ಬ್ಯಾಡಗಿ ಪ್ಯಾಟಿಯಾಗ ಹೈಬ್ರಿಡ್ ಕಾಯಿ ನೋಡಾಕ ನಮ್ಮ ಕಡ್ಡಿ ಕಾಯಿ ಹಂಗ ಕಂಡ್ರೂ, ಮನಿಗೆ ತಂದು ಕುಟ್ಟಿದ್ರ ಬಣ್ಣದಾಗ, ಖಾರದಾಗ ಫರಕು ತಿಳಿತೈತಿ. ಈ ಆಟದಾಗ ಅಸಲಿಗೂ ನಕಲಿಗೂ ಖಾರ ಒಂದ.

ಲೆಕ್ಕ ಕೇಳ್ರಿ. ಬುಕ್ ಆಫ್ ಡೆಡ್‌ದಾಗ ಛಲೋ ಅನ್ನೂ ಸೆಟ್ಟಿಂಗಿನ್ಯಾಗ 100 ರೂಪಾಯಿ ಹಚ್ಚಿದ್ರ ಸರಾಸರಿ 96.21 ತಿರುಗಿ ಬರತೈತಿ. "ನಾಲ್ಕು ರೂಪಾಯಿ ಹೋದ್ರ ಹೋಗ್ಲಿ" ಅನ್ನಬ್ಯಾಡ್ರಿ. ತಿರುಗಿ ಬಂದ ರೊಕ್ಕಾನೂ ಮತ್ತ ಹಚ್ಚತಾರ. ಸುತ್ತಿಗೆ 10 ರೂಪಾಯಿ, ತಾಸಿಗೆ 600 ಸುತ್ತು ಹಿಡೀರಿ. ಹಚ್ಚಿದ್ದು 6,000, ಸರಾಸರಿ ಹೋದದ್ದು 227. ಗೃಹಲಕ್ಷ್ಮಿ 2,000 ರೂಪಾಯಿ ಒಂಬತ್ತು ತಾಸಿನ್ಯಾಗ ಖಾಲಿ. ಅದ ಆಟಕ್ಕ 84.18 ಅನ್ನೂ ಸೆಟ್ಟಿಂಗೂ ಐತಿ. ಅದರಾಗ ಎರಡು ತಾಸಿಗೆ ಖಾಲಿ. ಯಾವದು ಇಡಬೇಕು ಅನ್ನೂದು ಆಡಿಸೂವನ ಕೈಯಾಗ. ವಾಟ್ಸಾಪಿನ್ಯಾಗ ಬರೂ ಲಿಂಕಿನ ಕಳ್ಳ ಆಟಕ್ಕಂತೂ ಕೇಳೂವರ ಇಲ್ಲ.

ಇನ್ನೊಂದು ಮೋಸ ಐತಿ. 10 ಹಚ್ಚಿ 4 ಬಂದ್ರೂ ಗಂಟಿ ಬಾರಿಸಿ, ಲೈಟು ಹಚ್ಚಿ "ಗೆದ್ದಿ" ಅಂತೈತಿ. ಆರು ರೂಪಾಯಿ ಹೋದದ್ದು ಯಾರ ಕಣ್ಣಿಗೂ ಬೀಳೂದಿಲ್ಲ. ಓಸಿ ಬರಸಿದವರು ನಂಬರ್ ಬರೂ ಮಟಾನರ ಕಾಯತಿದ್ರು. ಇದಕ್ಕ ಕಾಯೂದ ಇಲ್ಲ.

"ಸರಕಾರ ನೋಡಕೋತೈತಿ, ನಮಗ್ಯಾಕ?" ಅನ್ನೂವರಿಗೂ ಒಂದು ಮಾತು. 2021ರಾಗ ನಮ್ಮ ರಾಜ್ಯ ರೊಕ್ಕ ಹಚ್ಚೂ ಆನ್‌ಲೈನ್ ಆಟ ನಿಷೇಧ ಮಾಡಿತ್ತು. 2022ರ ಫೆಬ್ರುವರಿಯಾಗ ಹೈಕೋರ್ಟು ಅದನ್ನ ರದ್ದು ಮಾಡಿತು. 2025ರ ಆಗಸ್ಟಿನ್ಯಾಗ ಸಂಸತ್ತು ಇಡೀ ದೇಶಕ್ಕ ಕಾನೂನು ಪಾಸ್ ಮಾಡಿತು: ಆಡಿಸಿದವರಿಗೆ 3 ವರ್ಷದ ಮಟ ಜೈಲು, 1 ಕೋಟಿ ಮಟ ದಂಡ. ಆಡಿದವರಿಗೆ ಅದರಾಗ ಶಿಕ್ಷೆ ಇಟ್ಟಿಲ್ಲ. ಅಂದಮ್ಯಾಲೆ "ಹೇಳಿದ್ರ ನಮ್ಮ ಹುಡುಗನ್ನ ಹಿಡಕೊಂಡು ಹೋಗತಾರ" ಅಂತ ಮುಚ್ಚಿಡೂದು ಯಾಕ? ಕಾನೂನು ಇದ್ರೂ ಪರದೇಶದಿಂದ ಬರೂ ಲಿಂಕು ನಮ್ಮ ಮನಿ ಮೊಬೈಲಿಗೇ ಬರತೈತಿ. ಅಲ್ಲಿ ಬಾಗಲಾ ಕಾಯೂವರು ನಾವ.

ಕಾಂತೇಶನ ಮುಂದ ಆಣಿ ಮಾಡಿಸಿದ್ರ ಮುಗೀತು ಅಂತ ಕುಂದರಬ್ಯಾಡ್ರಿ. ಆಣಿ ಮಾಡಿಸ್ರಿ, ಜೊತಿಗೆ ನಿಮ್ಮ ಖಾತೆಯ ಪಿನ್ನೂ ಬದಲ ಮಾಡ್ರಿ. ಓಟಿಪಿ ಕೇಳಿದ್ರ ಮಗ ಇರ್ಲಿ, ಗಂಡ ಇರ್ಲಿ, ಕೊಡಬ್ಯಾಡ್ರಿ. ಸಂಘದ ಸಾಲ ನಿಮ್ಮ ಹೆಸರಿಲೆ ಐತಿ, ಕಂತು ಕಟ್ಟೂವರು ನೀವು. ಮೋಸದಿಂದ ರೊಕ್ಕ ಹೋಗಿದ್ರ ತಡಾ ಮಾಡದ 1930ಕ್ಕ ಫೋನ್ ಹಚ್ಚರಿ. ಚಟಕ್ಕ ಬಿದ್ದವ ಮಾತು ಬಿಟ್ಟು ಮೂಲಿಗೆ ಕುಂತಿದ್ರ ಬೈಯಬ್ಯಾಡ್ರಿ. ಟೆಲಿ ಮಾನಸ್ 14416 ಐತಿ, ಕನ್ನಡದಾಗ ಮಾತಾಡತಾರ.

ಮರ್ಯಾದಿ ಹೋಗತೈತಿ ಅಂತ ನಾವು ಸುಮ್ಮನಿದ್ದಷ್ಟೂ ಆ ಗಾಲಿ ತಿರುಗತೈತಿ. ಮುಂದಿನ ಸಂಘದ ಸಭಾದಾಗ ಕಂತಿನ ಲೆಕ್ಕ ಆದಮ್ಯಾಲೆ ಈ ಮಾತೂ ತಗೀರಿ. ಒಬ್ಬಾಕಿ ಬಾಯಿ ಬಿಟ್ಟರ ಉಳಿದವರೂ ಬಿಡತಾರ.